ಮೂರನೆಯ ಹಲ್ಲು ಕೂರದ ದಿನ

ನನ್ನ ತಮ್ಮನ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ನಾನು ಗಾಡಿಯ ಕೆಳಗೆ ನುಗ್ಗುತ್ತಿದ್ದೆ. ಅಲ್ಲಿ ಮಲಗಿದವನ ಮುಖ ಯಾರಿಗೂ ಕಾಣುವುದಿಲ್ಲ.

ಶಿವಮೊಗ್ಗದಲ್ಲಿ ನಮ್ಮದೊಂದು ಗ್ಯಾರೇಜಿದೆ. ಸೋದರಮಾವ ಶುರು ಮಾಡಿದ್ದು, ಅವರ ನಂತರ ನನ್ನ ಕೈಗೆ ಬಂತು. ನಾನು ಓದಿದ್ದು ಏಳನೆಯ ತರಗತಿಯವರೆಗೆ. ತಮ್ಮ ಓದಲಿ ಅಂತ ದೊಡ್ಡವನು ಶಾಲೆ ಬಿಟ್ಟ ಎಂದು ಅಮ್ಮ ನೆಂಟರಿಗೆಲ್ಲ ಹೇಳುತ್ತಿದ್ದಳು. ನಿಜವೇನೆಂದರೆ ನಾನು ಏಳನೆಯ ತರಗತಿಯಲ್ಲಿ ಎರಡು ಸಲ ಫೇಲಾಗಿದ್ದೆ. ಅಮ್ಮನ ಮಾತನ್ನು ಒಮ್ಮೆಯೂ ತಿದ್ದಲಿಲ್ಲ. ತಮ್ಮನೂ ಅದನ್ನು ನಂಬಿಕೊಂಡೇ ಬೆಳೆದ. ಭದ್ರಾವತಿಯಲ್ಲಿ ಡಿಪ್ಲೊಮಾ ಮುಗಿಸಿ, ನಾಲ್ಕು ವರ್ಷ ಹೊರಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಲಸ ಕಲಿತು, ನನ್ನ ಜೊತೆ ದುಡಿಯುತ್ತೇನೆಂದು ವಾಪಸು ಬಂದ.

ಆರು ತಿಂಗಳಲ್ಲಿ ಗಿರಾಕಿಗಳು ಬದಲಾದರು. ಮೊದಲು 'ಅಣ್ಣಾ' ಎನ್ನುತ್ತಾ ಒಳಗೆ ಬರುತ್ತಿದ್ದವರು ಈಗ 'ಇಂಜಿನಿಯರ್ ಇದಾರಾ?' ಎಂದು ಕೇಳತೊಡಗಿದರು. ಅವನು ಇಂಜಿನಿಯರ್ ಅಲ್ಲ, ಡಿಪ್ಲೊಮಾ ಅಷ್ಟೇ ಎಂದು ಒಂದಿಬ್ಬರಿಗೆ ಹೇಳಿದೆ. ಅವರು ನಕ್ಕರು. ಹೇಳಬಾರದಿತ್ತು ಎನಿಸಿತು.

ಆಗ ಬಂದದ್ದು ಶಾಮಿಯಾನ ಬಾಡಿಗೆಗೆ ಕೊಡುವ ಯಜಮಾನರೊಬ್ಬರ ಫೋರ್ ವೀಲ್ ಡ್ರೈವ್ ಪಿಕಪ್. ಮದುವೆ ಮನೆಗಳಿಗೆ ಅವರು ಜನರೇಟರಿನ ಟ್ರೈಲರನ್ನು ಆ ಗಾಡಿಗೇ ಕಟ್ಟಿ ಎಳೆಯುತ್ತಿದ್ದರು. ಆಗುಂಬೆ ಘಾಟಿ ಹತ್ತುವಷ್ಟರಲ್ಲಿ ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಾದು, ಎಣ್ಣೆ ಸುಟ್ಟ ಬೆಲ್ಲದಂತೆ ನಾರುತ್ತಿತ್ತು. ಎರಡು ಸಲ ರಿಪೇರಿಯಾಗಿ ಎರಡು ಸಲವೂ ಕೆಟ್ಟಿತ್ತು.

"ಇದನ್ನ ಮತ್ತೆ ರಿಪೇರಿ ಮಾಡೋದ್ರಲ್ಲಿ ಅರ್ಥ ಇಲ್ಲ ಸಾರ್," ಎಂದ ತಮ್ಮ. "ಈ ಬಾಕ್ಸಿಗೆ ಅಷ್ಟು ಭಾರ ಎಳೆಯೋ ತಾಕತ್ತೇ ಇಲ್ಲ. ದೊಡ್ಡ ಗಾಡಿದು ಗಟ್ಟಿ ಬಾಕ್ಸ್ ತಂದು ಕೂರಿಸ್ತೀನಿ. ಅದೂ ಆಟೋಮ್ಯಾಟಿಕ್ಕೇ."

"ಆಗುತ್ತೇನ್ರೀ?" ಎಂದು ಯಜಮಾನರು ಕೇಳಿದ್ದು ನನ್ನನ್ನಲ್ಲ, ಅವನನ್ನೇ.

ಅವನು ಹಳೆಯ ಬಾಕ್ಸೊಂದನ್ನು ಹುಡುಕಿ ತಂದು, ಬಿಚ್ಚಿ, ಹೊಸ ಕ್ಲಚ್ ಪ್ಲೇಟು ಹಾಕಿದ. ಅದರ ಮೂತಿ ಈ ಇಂಜಿನ್ನಿಗೆ ಹೊಂದುತ್ತಿರಲಿಲ್ಲ. ನಡುವೆ ಉಕ್ಕಿನ ಒಂದು ದಪ್ಪ ತಟ್ಟೆ ಬೇಕಿತ್ತು. ಅದನ್ನು ಮಾಡಿಕೊಟ್ಟವರು ಭದ್ರಾವತಿಯಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿದ್ದ ಒಬ್ಬ ಮುದುಕರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮನೆಮಾತು ತಮಿಳು. ತಮ್ಮ ಬರೆದ ನಕ್ಷೆ ನೋಡಿ, "ಪರವಾಗಿಲ್ಲವೇ ತಂಬಿ, ಗೆರೆ ನೇರ ಇದೆ," ಎಂದಿದ್ದರು. ಇಪ್ಪತ್ತು ವರ್ಷದಿಂದ ಅವರ ಹತ್ತಿರ ಕೆಲಸ ಮಾಡಿಸುತ್ತಿದ್ದ ನನಗೆ ಅವರು ಯಾವತ್ತೂ ಅಷ್ಟು ಹೇಳಿದವರಲ್ಲ.

ನಮ್ಮ ಗ್ಯಾರೇಜಿನಲ್ಲಿ ಮಾವನ ಕಾಲದಿಂದ ಒಂದು ಪದ್ಧತಿ ಇದೆ. ದೊಡ್ಡ ಕೆಲಸ ಮುಗಿದ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಗ್ಯಾರೇಜಿನ ಹಿರಿಯನೇ ಮೊದಲ ಸಲ ಕೀಲಿ ತಿರುಗಿಸಬೇಕು. ಬಾಕ್ಸ್ ಜೋಡಿಸುವ ದಿನ ಬೆಳಿಗ್ಗೆ ಶಾಮಿಯಾನದ ಯಜಮಾನರು ಬಂದು ನನ್ನೆದುರೇ ತಮ್ಮನ ಬೆನ್ನು ತಟ್ಟಿದರು.

"ಈ ಸಲ ಕೀಲಿ ತಿರುಗಿಸೋದು ನೀವೇ ಆಗ್ಬೇಕು ಮಾರಾಯ್ರೇ. ಕೆಲಸ ನಿಮ್ದು, ಮೊದಲ ಸ್ಟಾರ್ಟೂ ನಿಮ್ದೇ."

ತಮ್ಮ ನಕ್ಕ. ಆಗೋಲ್ಲ, ನಮ್ಮಣ್ಣ ತಿರುಗಿಸ್ತಾನೆ ಎಂದು ಅವನು ಹೇಳುತ್ತಾನೆಂದು ಕಾದೆ. ಹೇಳಲಿಲ್ಲ.

ಇಂಜಿನ್ನಿಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ನಡುವೆ ಸಣ್ಣ ಕುಂಬಳಕಾಯಿಯ ಗಾತ್ರದ ಉಕ್ಕಿನ ಬುರುಡೆಯೊಂದು ಇರುತ್ತದೆ. ಕನ್ವರ್ಟರ್ ಎನ್ನುತ್ತಾರೆ. ಅದನ್ನು ಬಾಕ್ಸಿನ ಬಾಯಿಗೆ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ಒತ್ತಬೇಕು. ಒಳಗೆ ಮೂರು ಕಡೆ ಹಲ್ಲು ಕೂರಬೇಕು. ಒಂದೊಂದು ಕೂತಾಗಲೂ ಟಕ್ ಎಂದು ಅಂಗೈಗೆ ತಿಳಿಯುತ್ತದೆ. ಮೂರನೆಯದು ಕೂರದೆ ಬೋಲ್ಟ್ ಬಿಗಿದರೆ ಒಳಗಿನ ಎಣ್ಣೆ ಪಂಪು ಒಡೆಯುತ್ತದೆ. ಇದನ್ನು ನನಗೆ ಕಲಿಸಿದವನೇ ತಮ್ಮ. ಕೈಗೆ ತಿಳಿಯುವ ಕೆಲಸ ನನಗೆ ಬೇಗ ಬರುತ್ತದೆ. ಹಾಗಾಗಿ ಕನ್ವರ್ಟರ್ ಕೂರಿಸುವುದನ್ನು ಅವನು ನನಗೇ ಬಿಟ್ಟಿದ್ದ.

ಅಂದು ಒತ್ತಿದೆ. ಒಂದು. ತಿರುಗಿಸಿದೆ. ಎರಡು. ಮತ್ತೆ ತಿರುಗಿಸಿದೆ, ಮೂರನೆಯದು ಬರಲಿಲ್ಲ. ಇನ್ನೆರಡು ಸುತ್ತು ತಿರುಗಿಸಿದ್ದರೆ ಬರುತ್ತಿತ್ತು.

ತಮ್ಮ ತಟ್ಟೆ ಒರೆಸುತ್ತಾ ಆ ಕಡೆಯಿಂದ ಕೇಳಿದ: "ಮೂರೂ ಕೂತ್ವಾ ಅಣ್ಣ?"

"ಹೂಂ," ಎಂದೆ.

ಅವನು ಪ್ರತಿ ಸಲ ವರ್ನಿಯರ್ ಹಿಡಿದು ಕನ್ವರ್ಟರ್ ಎಷ್ಟು ಆಳ ಕೂತಿದೆ ಎಂದು ಅಳೆಯುತ್ತಿದ್ದ. ಅಂದೂ ಕೈಗೆತ್ತಿಕೊಂಡವನು ಸ್ಟೂಲಿನ ಮೇಲೆ ಇಟ್ಟುಬಿಟ್ಟ. "ನೀನು ಹೂಂ ಅಂದ್ಮೇಲೆ ಅಳತೆ ಯಾಕೆ. ನಿನ್ನ ಕೈ ಸಾಕು."

ಆಗಲಾದರೂ ತಡಿ ಎನ್ನಬಹುದಿತ್ತು. ಒಂದು ಸಲ, ಒಂದೇ ಒಂದು ಸಲ, ಇವನ ಕೆಲಸ ಜನರೆದುರು ಕೆಡಲಿ ಎಂದುಕೊಂಡೆ. ಇಷ್ಟನ್ನು ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಜಾಕಿ ಎತ್ತಿ ಬಾಕ್ಸನ್ನು ಇಂಜಿನ್ನಿಗೆ ತಂದೆವು. ಬೆರಳು ತೂರುವಷ್ಟು ಸಂದು ಉಳಿಯಿತು. "ತಟ್ಟೆ ಒಂಚೂರು ಬಿಗಿ ಬಂದಿರ್ಬೇಕು. ಬೋಲ್ಟ್ ಎಳ್ಕೊಳ್ಳುತ್ತೆ ಬಿಡು," ಎಂದ ಅವನು. ಇಬ್ಬರೂ ಎದುರು ಬದುರು ಸ್ಪ್ಯಾನರ್ ಹಿಡಿದು ಬಿಗಿದೆವು. ಸಂದು ಮುಚ್ಚಿತು.

ಸಂಜೆ ನಾಲ್ಕಕ್ಕೆ ಎಲ್ಲ ಮುಗಿಯಿತು. ತಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಯಜಮಾನರು ಮೊಬೈಲಿನಲ್ಲಿ ವಿಡಿಯೋ ಹಿಡಿದು ನಿಂತಿದ್ದರು. ತಮ್ಮ ಅವರ ಕೈಯಿಂದ ಕೀಲಿ ತೆಗೆದುಕೊಂಡು ನೇರವಾಗಿ ನನ್ನ ಹತ್ತಿರ ಬಂದ.

"ತಗೋ ಅಣ್ಣ."

"ಅವರು ನೀನೇ ತಿರುಗಿಸಬೇಕು ಅಂದ್ರಲ್ಲ."

"ಅವರು ಏನಾದ್ರೂ ಅಂತಾರೆ ಮಾರಾಯ. ನೀನಿರೋವಾಗ ನಾನು ತಿರುಗಿಸ್ತೀನಾ? ಹತ್ತು."

ಹತ್ತಿ ಕೂತೆ. ಇಳಿದು ಹೇಳಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದ್ದು ನಿಜ. ಆದರೆ ಮೊಬೈಲು ನನ್ನ ಕಡೆ ತಿರುಗಿತ್ತು. ಕೀಲಿ ತಿರುಗಿಸಿದೆ. ಇಂಜಿನ್ ಹಿಡಿಯುತ್ತಲೇ ಕೆಳಗಿನಿಂದ ಕಬ್ಬಿಣ ಅಗಿದಂಥ ಸದ್ದು ಬಂತು, ಆಮೇಲೆ ಲೋಹ ಕಿರುಚಿದಂಥ ಕೀರಲು. ತಮ್ಮ "ಆಫ್, ಆಫ್!" ಎಂದು ಕೂಗಿದ. ಗಾಡಿ ಅಲುಗಿರಲಿಲ್ಲ. ನಿಂಬೆಹಣ್ಣು ಇಟ್ಟ ಹಾಗೇ ಇತ್ತು. ನೆಲದ ಮೇಲೆ ಕೆಂಪೆಣ್ಣೆ ಹರಡುತ್ತಿತ್ತು.

ಯಜಮಾನರು ಮೊಬೈಲನ್ನು ಜೇಬಿಗೆ ಹಾಕಿಕೊಂಡು, "ಇಂಜಿನಿಯರ್ರೇ, ಪ್ರಯೋಗ ಮಾಡೋಕೆ ನನ್ನ ಗಾಡಿನೇ ಸಿಕ್ತಾ?" ಎಂದರು. ನಾನು ಬಯಸಿದ್ದು ಇದನ್ನೇ. ಆದರೆ ಅವನ ಮುಖ ನೋಡಲಾಗಲಿಲ್ಲ.

ತಮ್ಮ ಎರಡು ದಿನದಲ್ಲಿ ಎಲ್ಲ ಬಿಚ್ಚಿದ. ಪಂಪು ಮೂರು ಹೋಳಾಗಿತ್ತು. ತಟ್ಟೆ ದಪ್ಪ ಬಂದದ್ದೇ ಕಾರಣ ಎಂದು ಅದನ್ನು ಬೈಕಿಗೆ ಕಟ್ಟಿಕೊಂಡು ಭದ್ರಾವತಿಗೆ ಹೊರಟ. ನಾನೂ ಹಿಂದೆ ಕೂತೆ. ಅಲ್ಲಿ ಅವನು ಆ ಮುದುಕರಿಗೆ ಆಡಬಾರದ ಮಾತಾಡಿದ. ಕಣ್ಣು ಕಾಣದಿದ್ದ ಮೇಲೆ ಕೆಲಸ ಯಾಕೆ ಹಿಡಿಯುತ್ತೀರಿ ಎಂದುಬಿಟ್ಟ. ಅವರು ಮೈಕ್ರೋಮೀಟರ್ ತೆಗೆದು ತಟ್ಟೆಯನ್ನು ನಾಲ್ಕು ಕಡೆ ಅಳೆದರು.

"ನೋಡಪ್ಪಾ. ನಾಲ್ಕು ಕಡೆನೂ ಒಂದೇ. ನೀನು ಬರ್ಕೊಟ್ಟ ಅಳತೆನೇ ಇದೆ."

ತಮ್ಮ ನೋಡಿದ. ಮತ್ತೆ ತಾನೇ ಅಳೆದ. ಅವನ ದನಿ ಇಳಿಯಿತು. "ಹಾಗಾದ್ರೆ ನನ್ನ ಲೆಕ್ಕವೇ ತಪ್ಪು."

"ಬುರುಡೆ ಕೂರ್ಸಿದ್ದು ಯಾರು?"

"ನಮ್ಮಣ್ಣ. ಅಲ್ಲಿ ತಪ್ಪಿರಲ್ಲ ಬಿಡಿ. ಅವನ ಕೈ ನಿಮಗೆ ಗೊತ್ತಲ್ಲ."

ಮುದುಕರು ನನ್ನನ್ನು ನೋಡಿದರು. ನಾನು ಲೇತಿನ ಕೆಳಗೆ ಬಿದ್ದಿದ್ದ ಉಕ್ಕಿನ ಸುರುಳಿಗಳನ್ನು ನೋಡುತ್ತಾ ನಿಂತೆ.

ತಪ್ಪು ತನ್ನದೆಂದು ಅವನು ನಂಬಿದ. ಯಜಮಾನರ ಹಳೆಯ ಬಾಕ್ಸನ್ನೇ ಮತ್ತೆ ಕೂರಿಸಿಕೊಟ್ಟು, ತಿಂಗಳೊಪ್ಪತ್ತಿನಲ್ಲಿ ಗ್ಯಾರೇಜು ಬಿಟ್ಟು ಶೋರೂಮೊಂದರಲ್ಲಿ ಸಂಬಳಕ್ಕೆ ಸೇರಿದ. ಅಲ್ಲಿ ಅವನ ಕೆಲಸ ಬಿಲ್ಲು ಬರೆಯುವುದು. ಗಿರಾಕಿಗಳು ಮತ್ತೆ 'ಅಣ್ಣಾ' ಎನ್ನುತ್ತಾ ಬರತೊಡಗಿದರು. ಕೆಲವು ತಿಂಗಳು ನನಗೆ ಸಂತೋಷವೇ ಆಯಿತು. ಸುಳ್ಳು ಹೇಳುವುದಿಲ್ಲ.

ಆಮೇಲೆ ಒಂದು ದಿನ ಅಮ್ಮ, "ಅವನು ಈಗ ಸ್ಪ್ಯಾನರ್ ಮುಟ್ಟೋದೇ ಇಲ್ಲ ಕಣೋ, ಬೈಕಿನ ಚೈನ್ ಬಿಗಿಸೋಕೂ ಬೇರೆಯವರ ಹತ್ರ ಹೋಗ್ತಾನೆ," ಎಂದಳು. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಆ ಭಾನುವಾರ ನವುಲೆಯ ಅವನ ಮನೆಗೆ ಹೋದೆ. ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ.

"ಅವತ್ತು ಎರಡೇ ಕೂತಿದ್ದು," ಎಂದೆ.

ಯಾವತ್ತು ಎಂದು ಅವನು ಕೇಳಲಿಲ್ಲ. ನೀರು ಹರಿಯುತ್ತಲೇ ಇತ್ತು. "ಗೊತ್ತಾಗದೆ ಹೂಂ ಅಂದ್ಯಾ?"

ತಪ್ಪಿಸಿಕೊಳ್ಳಲು ಅವನೇ ದಾರಿ ಕೊಡುತ್ತಿದ್ದ. "ಇಲ್ಲ. ಗೊತ್ತಿದ್ದೇ ಅಂದೆ."

ನಲ್ಲಿ ನಿಲ್ಲಿಸಿದ. ಬಹಳ ಹೊತ್ತು ಬೈಕಿನ ಸೀಟು ಒರೆಸಿದ. ಆಮೇಲೆ, "ಭದ್ರಾವತಿಯವರಿಗೆ ಹೇಳಿದ್ಯಾ?" ಎಂದ.

"ಇಲ್ಲ."

"ಹತ್ತು."

ಬೈಕಿನಲ್ಲಿ ಭದ್ರಾವತಿಗೆ ಹೋದೆವು. ಲೇತಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಆ ಮುದುಕರ ಕಾಲು ಮುಟ್ಟಿದ. "ತಟ್ಟೆ ಸರಿ ಇತ್ತು. ಅವತ್ತು ನಾನು ತುಂಬಾ ಮಾತಾಡ್ಬಿಟ್ಟೆ," ಎಂದ. ನನ್ನ ಹೆಸರು ಎತ್ತಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದರಲ್ಲೂ ಇವನು ನನಗಿಂತ ಮುಂದೆ ಎಂದು ಅಲ್ಲಿಯೂ, ಆ ಬಾಗಿಲಲ್ಲಿಯೂ, ನನ್ನ ಹೊಟ್ಟೆ ಉರಿಯಿತು. ಆಮೇಲೆ ನಾನು ಹೇಳಿದೆ.

ಮುದುಕರು ಎಲ್ಲ ಕೇಳಿ, ತಮ್ಮನ ಕಡೆ ತಿರುಗಿ ಹೇಳಿದರು: "ಆ ಗಾಡಿಯವರನ್ನ ಕರಿ ತಂಬಿ. ತಟ್ಟೆ ಇಲ್ಲೇ ಇದೆ."

ಅವನು ಯಜಮಾನರನ್ನು ಒಪ್ಪಿಸಿ, ರಜೆ ಹಾಕಿ ನಮ್ಮ ಗ್ಯಾರೇಜಿಗೇ ಬಂದು, ಒಡೆದ ಪಂಪು ಬದಲಿಸಿ ಆ ಕೆಲಸವನ್ನು ಮತ್ತೆ ಮಾಡಿದ. ಈ ಸಲ ಕನ್ವರ್ಟರ್ ತಾನೇ ಕೂರಿಸಿದ, ವರ್ನಿಯರಿನಲ್ಲಿ ಎರಡು ಸಲ ಅಳೆದ. ನಾನು ಲೈಟು ಹಿಡಿದು ನಿಂತಿದ್ದೆ. ಮೂರನೆಯ ಟಕ್ ನನಗೂ ಕೇಳಿಸಿತು. ಮೂರೂ ಕೂತ್ವಾ ಎಂದು ಅವನು ನನ್ನನ್ನು ಕೇಳಲಿಲ್ಲ.