ಬಟ್ಟಲಾದ ಪ್ಲೇಟು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವ ಕೆಲವು ಎಂದು ಗೊತ್ತಿದ್ದರೆ ತಿದ್ದಿಯೇ ಬರೆಯುತ್ತಿದ್ದೆ. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬರ ಮಾತಿನೊಂದಿಗೆ ತಾಳೆ ನೋಡದೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಕಲಿತೆ. ಈ ಸಂಗತಿಯಲ್ಲಿ ಒಬ್ಬ ಸಾಕ್ಷಿ ನಾನೇ. ಉಳಿದಿರುವ ಇನ್ನೊಬ್ಬಳು ನನ್ನ ಸೋದರತ್ತೆ, ನಾನು ಅತ್ಯಾ ಅನ್ನುವವಳು. ಅವಳು ಬಾಯಿ ಬಿಡುತ್ತಿಲ್ಲ.

ಹೋದ ತಿಂಗಳು ಮಿಶ್ರಿಕೋಟಿಗೆ, ಅವಳ ಮನೆಗೆ ಹೋಗಿದ್ದೆ. ಬಸ್ಸಿನ ಗದ್ದಲದಲ್ಲಿ ನನ್ನ ಸ್ವೆಟರಿನ ಗುಂಡಿಯೊಂದು ಕಿತ್ತುಬಂದಿತ್ತು. "ಟ್ರಂಕಿನ ಮ್ಯಾಲೆ ಸೂಜಿ-ದಾರ ಅದ, ತೊಗೊಂಡು ಬಾ" ಅಂದಳು. ಟ್ರಂಕಿನ ಮೇಲೆ ಇದ್ದದ್ದು ಒಂದು ಕಪ್ಪು ಬಟ್ಟಲು. ಅಂಚು ಒಂದು ಕಡೆ ಎದ್ದು ಇನ್ನೊಂದು ಕಡೆ ಜೋತು, ಒದ್ದೆ ಬಟ್ಟೆಯನ್ನು ಹಾಗೇ ಗಟ್ಟಿಮಾಡಿದಂತಿತ್ತು. ಒಳಗೆ ಗುಂಡಿಗಳು, ಹುಕ್ಕುಗಳು, ದಾರದ ಉಂಡೆ. ಅವನ್ನು ಸರಿಸಿದಾಗ ನಟ್ಟನಡುವೆ ಒಂದು ತೂತು ಕಂಡಿತು. ಅದರ ಸುತ್ತ ಕೆಂಪು ಕಾಗದದ ಚೂರು ಇನ್ನೂ ಅಂಟಿಕೊಂಡಿತ್ತು. ಬೆರಳಾಡಿಸಿದೆ. ಸಣ್ಣ ಸಣ್ಣ ಗೆರೆಗಳು... ಸೀಗೆಕಾಯಿಯ ವಾಸನೆ ಬಂತು ಎಂದು ಬರೆಯುವ ಆಸೆಯಾಗುತ್ತದೆ. ಐವತ್ತು ವರ್ಷದ ಮೇಲೆ ಹೇಗೆ ಬಂದೀತು? ಬಂದಿದ್ದರೆ ನನ್ನ ತಲೆಯೊಳಗಿಂದಲೇ ಬಂದಿರಬೇಕು.

ಅದು ನಮ್ಮ ಬ್ಯಾಂಡ್ ಮಾಸ್ತರರ ಪ್ಲೇಟು. ಗ್ರಾಮೋಫೋನಿನ ಮೇಲೆ ತಿರುಗುವ ತಟ್ಟೆಗೆ ಆಗ ನಾವೆಲ್ಲ ಪ್ಲೇಟು ಎಂದೇ ಅನ್ನುತ್ತಿದ್ದೆವು.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ನವಲಗುಂದದಲ್ಲಿದ್ದೆವು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮನೆಯಲ್ಲಿ ಅಪ್ಪ, ಅಜ್ಜಿ, ಇನ್ನೂ ಮದುವೆಯಾಗದ ಅತ್ಯಾ ಮತ್ತು ನಾನು. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಆ ವರ್ಷ ಪರೇಡಿಗೆ ಡೋಲು, ಬಿಗುಲು ಕಲಿಸಲು ಶಾಲೆಯಲ್ಲಿ ಒಬ್ಬರನ್ನು ಇಟ್ಟುಕೊಂಡರು. ಐವತ್ತರ ಆಸುಪಾಸಿನ, ತೆಳ್ಳಗಿನ, ಇಸ್ತ್ರಿ ಪ್ಯಾಂಟಿನ ಮನುಷ್ಯ. ಊರು ತಂಬೂರು ಎಂಬ ಹಳ್ಳಿಯ ಕಡೆ. ಅವರ ಅಪ್ಪ ಮದುವೆಗಳಲ್ಲಿ ಚಪ್ಪರದ ಹೊರಗೆ ಕೂತು ಸನಾದಿ ಊದುತ್ತಿದ್ದರಂತೆ. ಇವರು ಹುಡುಗರಿದ್ದಾಗಲೇ ಬೊಂಬಾಯಿಗೆ ಹೋಗಿ, ಗೋವೆಯ ಒಬ್ಬ ಮುದುಕರ ಬಳಿ ಸ್ಯಾಕ್ಸೋಫೋನ್ ಕಲಿತು, ದೊಡ್ಡ ಹೋಟೆಲುಗಳಲ್ಲಿ ಸಂಜೆ ಜಾಝ್ ನುಡಿಸಿ, ಹಗಲು ಸಿನಿಮಾ ಹಾಡುಗಳ ರೆಕಾರ್ಡಿಂಗಿಗೆ ಹೋಗುತ್ತಿದ್ದರು. ರೇಡಿಯೋದಲ್ಲಿ ಹಳೆಯ ಹಾಡು ಬಂದರೆ "ಈಗ ಕೇಳ್ರಿ, ಅಕಿ ಉಸಿರು ತೊಗೊಳ್ಳೂತನಾ ಬರೋದು ನಂದು" ಅನ್ನುತ್ತಿದ್ದರು. ಹಾಡುವವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮಾತ್ರ ಅವರದು.

ಅವರ ಹೆಸರು ಯಾವ ಪ್ಲೇಟಿನ ಮೇಲೂ ಇರಲಿಲ್ಲ. ಆದರೆ ಒಂದು ಜಾಝ್ ಪ್ಲೇಟಿನಲ್ಲಿ ಮಾತ್ರ ಅವರೊಬ್ಬರೇ ನುಡಿಸುವ ಒಂದು ಭಾಗವಿತ್ತು. ತಾಳದ ನಾಲ್ಕು ಪೆಟ್ಟು ಸೇರಿದರೆ ಒಂದು ಮನೆ, ಅಂಥ ಹದಿನಾರು ಮನೆ. ಬರೆದುಕೊಂಡು ನುಡಿಸಿದ್ದಲ್ಲ. ಆ ಹೊತ್ತಿಗೆ ಕೈಗೆ ಬಂದದ್ದು. ಮರುದಿನ ಕೇಳಿದ್ದರೆ ಬೇರೆಯೇ ಬರುತ್ತಿತ್ತಂತೆ. ಆಮೇಲೆ ವಸಡಿನ ರೋಗ ಬಂದು ಮುಂದಿನ ಹಲ್ಲು ಒಂದೊಂದಾಗಿ ಉದುರಿದವು. ಬಾಯಿ ಬಿಗಿಯಾಗಿ ಹಿಡಿಯದೆ ಆ ವಾದ್ಯ ಮಾತಾಡುವುದಿಲ್ಲ. ಮೊದಲು ರೆಕಾರ್ಡಿಂಗಿನವರು ಕರೆಯುವುದು ಬಿಟ್ಟರು, ಆಮೇಲೆ ಹೋಟೆಲಿನವರು. ಹುಬ್ಬಳ್ಳಿಯಲ್ಲಿ ಕಟ್ಟು ಹಲ್ಲು ಹಾಕಿಸಿಕೊಂಡಿದ್ದರು. "ಇವು ಹಿಡಿಯಂಗಿಲ್ರಿ. ಬರೇ ನಗಾಕ ಅದಾವ" ಎಂದು ನಗುತ್ತಿದ್ದರು.

ಪ್ಲೇಟು ಇತ್ತು, ಆದರೆ ಹಾಕಿ ಕೇಳಲು ಅವರಲ್ಲಿ ಯಂತ್ರವಿರಲಿಲ್ಲ. ನಮ್ಮ ಮನೆಯಲ್ಲಿ ಕೀಲಿ ಕೊಡುವ ಗ್ರಾಮೋಫೋನ್ ಇತ್ತು. ಹಾಗಾಗಿ ಭಾನುವಾರ ಮಧ್ಯಾಹ್ನ ಬರುತ್ತಿದ್ದರು. ಪಡಸಾಲೆಯ ಜಮಖಾನೆಯ ಅಂಚಿಗೆ, ಬಾಗಿಲಿನ ಬಳಿ ಕೂಡುತ್ತಿದ್ದರು. ಅಲ್ಲಿಯೇ ಕೂಡಬೇಕೆಂದು ಯಾರೂ ಹೇಳಿರಲಿಲ್ಲ. ಒಳಗೆ ಬರ್ರಿ ಅಂತಲೂ ಯಾರೂ ಹೇಳಲಿಲ್ಲ. ಅವರ ಚಹಾದ ಕಪ್ಪು ಬೇರೆ ಇತ್ತು, ಕಟ್ಟೆಯ ಗೂಡಿನಲ್ಲಿ. ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಇಡುತ್ತಿದ್ದರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆಗ ನನಗೆ ಇದರಲ್ಲಿ ಏನೂ ಕಂಡಿರಲಿಲ್ಲ. ಅಥವಾ ಕಂಡಿತ್ತೋ...

ಅಪ್ಪ ಕೀಲಿ ಕೊಡುತ್ತಿದ್ದರು. ತಮ್ಮ ಭಾಗ ಬರುವ ಮೊದಲು ಅವರು ತೋರುಬೆರಳು ಎತ್ತುತ್ತಿದ್ದರು. ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಒಳಗಿನಿಂದ ಅಜ್ಜಿ ಮಾತ್ರ ಬಿಡುತ್ತಿರಲಿಲ್ಲ.

"ಏನ ಅದು, ಎಮ್ಮಿ ಕರಾ ಕಳಕೊಂಡಂಗ ಒದರ್ಲಿಕತ್ತದ!"

"ಖರೇ ಅಂದ್ರಿ ಅವ್ವಾರ" ಅನ್ನುತ್ತಿದ್ದರು ಅವರು. "ಬೊಂಬಾಯಾಗ ಇಷ್ಟು ಖರೇ ಯಾರೂ ಹೇಳಿದ್ದಿಲ್ಲ."

ಅತ್ಯಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವಳು ನಗುತ್ತಿರಲಿಲ್ಲ ಎಂಬುದು ನನಗೆ ನೆನಪಿದೆ. ನೆನಪಿದೆಯೋ, ಈಗ ಬಟ್ಟಲು ನೋಡಿದ ಮೇಲೆ ಸೇರಿಸುತ್ತಿದ್ದೇನೋ.

ದೀಪಾವಳಿ ಕಳೆದ ಮೇಲೆ ಹೆಡ್ ಮಾಸ್ತರರು ಬ್ಯಾಂಡ್ ಮಾಸ್ತರರನ್ನು ಕೇಳಿದರು. ಫೆಬ್ರವರಿಯ ಕೊನೆಗೆ ಶಾಲೆಯ ಗ್ಯಾದರಿಂಗ್. ಊರಿನವರೆಲ್ಲ ಬರುವ ಕಾರ್ಯಕ್ರಮ. ನೀವೂ ಒಂದು ನುಡಿಸಬೇಕು ಎಂದು. ಹತ್ತು ವರ್ಷದಿಂದ ಪೆಟ್ಟಿಗೆಯಲ್ಲಿ ಮಲಗಿದ್ದ ವಾದ್ಯ ಹೊರಗೆ ಬಂತು. ಭಾನುವಾರ ಅದನ್ನೂ ಹೊತ್ತು ತಂದರು. ಪ್ಲೇಟಿನ ಜೊತೆ ನುಡಿಸಿ ನುಡಿಸಿ, ತಮ್ಮದೇ ಹದಿನಾರು ಮನೆಯನ್ನು ಮತ್ತೆ ಕಲಿಯಲು ತೊಡಗಿದರು. ಹೊಸ ಹಲ್ಲಿಗೆ ಹಳೆಯ ಸ್ವರಗಳು ಸಿಗುತ್ತಿರಲಿಲ್ಲ. ತುಟಿ ಸೀಳಿ ರಕ್ತ ಬಂದರೆ ಕರವಸ್ತ್ರದಿಂದ ಒರೆಸಿಕೊಂಡು ಮತ್ತೆ ಹಿಡಿಯುತ್ತಿದ್ದರು.

"ಭಜನಾ ಪದಾ ಒಂದು ನುಡಸ್ರಲ್ಲ, ಸಾಕು. ನಮ್ಮ ಮಂದಿಗೆ ಅಷ್ಟ ಬೇಕು" ಅಂದರು ಅಪ್ಪ ಒಮ್ಮೆ.

"ಅದನ್ನೂ ನುಡಸ್ತೀನ್ರಿ. ಆದ್ರ ಇದು ಒಂದ ಸಲ ಮಂದಿ ಮುಂದ ಬರಬೇಕ್ರಿ. ಇಲ್ಲಾಂದ್ರ ಇದನ್ನ ನಾನ ನುಡಿಸಿದ್ದೆ ಅನ್ನಾಕ ಸಾಕ್ಷಿ ಯಾರದಾರ? ಪ್ಲೇಟಿನ ಮ್ಯಾಲೆ ನನ್ನ ಹೆಸರಿಲ್ಲ."

ಫೆಬ್ರವರಿ ಬರುವಷ್ಟರಲ್ಲಿ ಎಂಟು ಮನೆ ಕೂತಿದ್ದವು. ಎಂಟು ಉಳಿದಿದ್ದವು. ಆ ಭಾನುವಾರ ಹೋಗುವಾಗ ಎಂದಿನಂತೆ ಪ್ಲೇಟನ್ನು ನಮ್ಮಲ್ಲೇ ಬಿಟ್ಟರು. "ಧೂಳು ಹೊಕ್ಕೈತಿ. ನನ್ನ ಭಾಗಕ್ಕ ಬಂದಾಗ ಕರಕರ ಅಂತೈತಿ ನೋಡ್ರಿ" ಅಂದು ಚಪ್ಪಲಿ ಮೆಟ್ಟಿಕೊಂಡರು.

ಮುಂದಿನದನ್ನು ನಾನು ಇಷ್ಟು ವರ್ಷ ಹೀಗೆ ಹೇಳುತ್ತ ಬಂದಿದ್ದೇನೆ. ಮಾಳಿಗೆಯ ಮೇಲೆ ಸಂಡಿಗೆ ಇಡುವ ದಿನ. ಹೊರಗಿನಿಂದ ಬಂದದ್ದನ್ನೆಲ್ಲ ತೊಳೆಯುವ ಅಜ್ಜಿ, ಆ ಪ್ಲೇಟನ್ನೂ ಬಿಡಲಿಲ್ಲ. ಅಗಲ ಬಾಯಿಯ ಪರಾತದಲ್ಲಿ ಸೀಗೆಕಾಯಿ ನೀರು ಮಾಡಿ ಅದ್ದಿ ತೊಳೆದಳು. ಹಳೆಯ ಸೀರೆಯ ತುಂಡಿನಿಂದ ಒರೆಸಿದಳು. ಕೆಳಗೂ ಗಾಳಿ ಆಡಲಿ ಎಂದು ಬೋರಲು ಹಾಕಿದ ನೀರಿನ ಚರಿಗೆಯ ಮೇಲೆ, ಸಂಡಿಗೆಯ ಬದಿಗೆ ಬಿಸಿಲಿಗಿಟ್ಟಳು. ನವಲಗುಂದದ ಮಣ್ಣಿನ ಮಾಳಿಗೆ, ಮರದ ನೆರಳಿಲ್ಲದ ಬಯಲಿನ ಬಿಸಿಲು. ಸಂಡಿಗೆ ತೆಗೆಯಲು ಹೋದಾಗ ಪ್ಲೇಟು ಕರಗಿ, ಚರಿಗೆಯನ್ನು ತಬ್ಬಿಕೊಂಡು ಕೂತಿತ್ತು.

ಅಜ್ಜಿಯ ಬಗ್ಗಿದ ಬೆನ್ನು ನನ್ನ ಕಣ್ಣ ಮುಂದೆ ಇದೆ. ಆದರೆ ಆ ವರ್ಷ ಅಪ್ಪ ಕೊಟ್ಟ ನೋಟ್‌ಬುಕ್ಕೂ ನನ್ನ ಬಳಿ ಇದೆ. ನಾನು ದಿನಚರಿ ಬರೆಯಲು ಶುರುಮಾಡಿದ್ದೇ ಅದರಲ್ಲಿ. ಮಿಶ್ರಿಕೋಟಿಗೆ ಹೋಗುವ ಹಿಂದಿನ ವಾರವಷ್ಟೇ ಅದು ಮತ್ತೆ ಕೈಗೆ ಸಿಕ್ಕಿತ್ತು. ಹದಿಮೂರು ವರ್ಷದವಳ ಅಕ್ಷರದಲ್ಲಿ ಎರಡೇ ಸಾಲು: "ಇವತ್ತು ಪ್ಲೇಟು ಕೆಟ್ಟಿತು. ಅಜ್ಜಿ ಭಾಳ ಬೈದಳು."

ಇಟ್ಟವಳು ಅಜ್ಜಿಯೇ ಆಗಿದ್ದರೆ ಅವಳು ಬೈದದ್ದು ಯಾರಿಗೆ?

ತೊಳೆದು ಒಣಗಿಸುವ ಕೆಲಸಕ್ಕೆ ಅಪ್ಪ ಕೈ ಹಾಕುವವರಲ್ಲ. ಮನೆಯಲ್ಲಿ ಉಳಿದವರು ಇಬ್ಬರು. ಕರಕರ ಅನ್ನುತ್ತದೆ ಎಂಬ ಮಾತನ್ನು ಆ ಇಬ್ಬರೂ ಕೇಳಿಸಿಕೊಂಡಿದ್ದರು. ಮಾಸ್ತರರನ್ನು ಖುಷಿಪಡಿಸಬೇಕೆಂದು ಯಾರೋ ತೊಳೆದಿರಬಹುದು. ಚರಿಗೆಯ ಮೇಲೆ ಇಡುವ ಆ ಕಾಳಜಿ ಮೈಲಿಗೆ ಕಳೆಯುವವರದ್ದಲ್ಲ, ಪ್ರೀತಿ ಇದ್ದವರದ್ದು ಎಂದು ಈಗ ಅನಿಸುತ್ತದೆ. ಹಾಗಿದ್ದರೆ ತೀರಿಹೋದ ಅಜ್ಜಿಯ ತಲೆಗೆ ನಾನು ಇದನ್ನು ಯಾವಾಗ ಕಟ್ಟಿದೆ?

ಅಪ್ಪ ಆ ಬಟ್ಟಲನ್ನು ಎತ್ತಿ, ತಿರುಗಿಸಿ ನೋಡಿ ಕೆಳಗಿಟ್ಟರು. ಭಾನುವಾರ ಮಾಸ್ತರರು ವಾದ್ಯ ಹಿಡಿದು ಬಂದಾಗ ಕಟ್ಟೆಯ ಮೇಲೆಯೇ ತಡೆದು ಹೇಳಿದರು. ಕೈಜಾರಿ ಬಿತ್ತು, ಒಡೆದುಹೋಯಿತು ಎಂದು. ತೊಳೆದೆವು ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಯಾಕೆ ತೊಳೆದಿರಿ ಎಂದು ಕೇಳಿದ್ದರೆ?

ಮಾಸ್ತರರು ಕೂಡಲಿಲ್ಲ. "ಚೂರು ಅದಾವೇನ್ರಿ?" ಅಂದರು.

"ಚೆಲ್ಲೇವ್ರಿ. ಹುಡುಗೀ ಕಾಲಿಗೆ ಚುಚ್ಚೀತು ಅಂತ."

"ಹೌದಲ್ರಿ. ಚುಚ್ಚತಾವು." ನನ್ನ ಕಾಲಿನ ಕಡೆ ನೋಡಿದರು. "ಇರ್ಲಿ ಬಿಡ್ರಿ ಸರ್. ಅದೂ ಹಳೇದಾಗಿತ್ತು."

ಆ ಹೊತ್ತಿಗೆ ಬಟ್ಟಲು ಅಡಿಗೆಮನೆಯ ಮಾಡದಲ್ಲಿತ್ತು. ಅತ್ಯಾಗೆ ಚೆಲ್ಲಿ ಬಾ ಎಂದು ಅಪ್ಪ ಹೇಳಿದ್ದರು. ಮಾಸ್ತರರು ಚಹಾ ಕುಡಿದರು, ಕಪ್ಪು ತೊಳೆದರು, ಗೂಡಿನಲ್ಲಿಟ್ಟರು. ವಾದ್ಯದ ಪೆಟ್ಟಿಗೆ ತೆರೆಯಲಿಲ್ಲ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಗೆ ಊರಿನದೇ ದೊಡ್ಡ ಜಮಖಾನೆ, ಕೆಂಪು ನೆಲದ ಮೇಲೆ ನವಿಲು. ನಾನು ಅತ್ಯಾಳ ಪಕ್ಕ ಹೆಂಗಸರ ಕಡೆ ಕೂತಿದ್ದೆ. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಆ ಸೊಟ್ಟ ಹಿತ್ತಾಳೆ ವಾದ್ಯವನ್ನು ಮಂದಿ ಮೊದಲ ಸಲ ನೋಡುತ್ತಿದ್ದರು.

"ಯಪ್ಪಾ, ಆನಿ ಸೊಂಡಿ ತಂದಾನ್ಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಗೆ ಎದ್ದಿತು. ಅವರೂ ನಕ್ಕರು.

ಮೊದಲು ಒಂದು ಭಜನೆಯ ಧಾಟಿ ನುಡಿಸಿದರು. ನಗುತ್ತಿದ್ದವರೇ ತಾಳ ಹಾಕಿದರು. ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಗೇ ಇಳಿದಿದ್ದರೆ... ಇಳಿಯಲಿಲ್ಲ. ತುಸು ಹೊತ್ತು ಕಣ್ಣು ಮುಚ್ಚಿ ನಿಂತರು. ಎಡಗೈಯ ತೋರುಬೆರಳು ಎತ್ತಿದರು. ನಮ್ಮ ಪಡಸಾಲೆಯಲ್ಲಿ ಎತ್ತುತ್ತಿದ್ದ ಹಾಗೆಯೇ. ಆ ಬೆರಳಿನ ಅರ್ಥ ಆ ಬಯಲಿನಲ್ಲಿ ಮೂರೇ ಜನಕ್ಕೆ ಗೊತ್ತಿತ್ತು.

ಎಂಟು ಮನೆ ಬಂದವು. ನಾನು ಬೆರಳಲ್ಲಿ ಎಣಿಸಿದೆ. ಪ್ಲೇಟಿನಲ್ಲಿದ್ದುದಕ್ಕಿಂತ ನಿಧಾನ, ದನಿ ಒರಟು, ಆದರೆ ಅದೇ. ಒಂಬತ್ತನೆಯದರ ಬಾಗಿಲಿಗೆ ಬಂದು ನಿಂತುಬಿಟ್ಟರು. ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಅಲ್ಲಿಯೇ ನಿಂತರು. ಮೂರನೆಯ ಸಲ ಹುಡುಗರು ಸೀಟಿ ಹೊಡೆಯತೊಡಗಿದರು. "ಗಾಳಿ ಹೋತ್ರಿ ಮಾಸ್ತರ್ರ, ಪಂಪ್ ತರಲೇನು?" ಎಂದು ಮತ್ತೆ ಅದೇ ದನಿ. ಅತ್ಯಾ ನನ್ನ ಮುಂಗೈ ಹಿಡಿದಳು. ಬಳೆ ಒತ್ತಿ ಗುರುತು ಬೀಳುವಷ್ಟು ಬಿಗಿಯಾಗಿ.

ಅವರು ವಾದ್ಯವನ್ನು ಬಾಯಿಯಿಂದ ತೆಗೆದರು. ಮೈಕಿಗೆ ಬಗ್ಗಿ, "ಮುಂದಿಂದು ಪ್ಲೇಟಿನಾಗ ಐತ್ರಿ" ಅಂದರು.

ಜೋಕು ಹೇಳಿದರೆಂದು ತಿಳಿದು ಇಡೀ ಶಾಮಿಯಾನ ನಕ್ಕಿತು. ಚಪ್ಪಾಳೆಯೂ ಬಿತ್ತು. ಅಪ್ಪ ಮಾಸ್ತರರ ಸಾಲಿನಲ್ಲಿ ಕೂತಲ್ಲೇ ತಲೆ ಬಗ್ಗಿಸಿದ್ದರು.

ಆಮೇಲೆ ಅವರು ಭಾನುವಾರ ಬರಲಿಲ್ಲ. ಪರೀಕ್ಷೆಗಳಾದವು. ಜೂನಿನಲ್ಲಿ ಶಾಲೆ ಶುರುವಾದಾಗ ಡೋಲು ಕಲಿಸಲು ಬೇರೆಯವರಿದ್ದರು. ಅವರ ಚಹಾದ ಕಪ್ಪು ಮಾತ್ರ ಬಹಳ ದಿನ ಗೂಡಿನಲ್ಲೇ ಇತ್ತು. ಅದನ್ನು ಒಳಗೆ ತರಲೂ ಆಗದು, ಒಗೆಯಲೂ ಆಗದು ಎಂಬಂತೆ.

ಎರಡೋ ಮೂರೋ ವರ್ಷದ ಮೇಲೆ ಅಪ್ಪ ಅವರನ್ನು ಅಣ್ಣಿಗೇರಿಯಲ್ಲಿ ನೋಡಿದ್ದರಂತೆ. ಇದನ್ನು ನನಗೆ ಹೇಳಿದ್ದು ಅಪ್ಪ ಹಾಸಿಗೆ ಹಿಡಿದ ಮೇಲೆ. ಮದುವೆಯ ಮೆರವಣಿಗೆ, ಬ್ಯಾಂಡಿನವರ ಕೆಂಪು ಕೋಟು, ಮುಂದಿನ ಸಾಲಿನಲ್ಲಿ ಆ ಸೊಟ್ಟ ವಾದ್ಯ. ಸಿನಿಮಾ ಹಾಡು ನುಡಿಸುತ್ತಿದ್ದರು. ಅಪ್ಪ ಬಸ್ಸಿನ ಕಿಟಕಿಯಲ್ಲಿದ್ದರು, ಮೆರವಣಿಗೆ ದಾಟಲೆಂದು ಬಸ್ಸು ನಿಂತಿತ್ತು.

"ಮಾತಾಡ್ಸಿದ್ರೇನು?"

"ಛತ್ರಿ ಅಡ್ಡ ಹಿಡಕೊಂಡೆ" ಅಂದರು ಅಪ್ಪ. ಗೋಡೆಯ ಕಡೆ ಹೊರಳಿ, "ಛಲೋ ನುಡಸ್ಲಿಕತ್ತಿದ್ದ. ತಪ್ಪಿಲ್ಲದಂಗ."

ಅವರು ತಂಬೂರಿನಲ್ಲೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ವಾದ್ಯ ಏನಾಯಿತೋ ಗೊತ್ತಿಲ್ಲ. ಆ ಪ್ಲೇಟಿನ ಇನ್ನೊಂದು ಪ್ರತಿಗಾಗಿ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕೇಳಿದ್ದೇನೆ. ಯಾವ ಹೆಸರಿನಿಂದ ಕೇಳಲಿ? ಮೇಲಿನ ಕಾಗದದ ಬಣ್ಣ ಕೆಂಪು ಎಂಬುದಷ್ಟೇ ನನಗೆ ಗೊತ್ತಿರುವುದು. ಎಂಟು ಮನೆಯನ್ನು ಈಗಲೂ ಗುನುಗಬಲ್ಲೆ ಎಂದುಕೊಳ್ಳುತ್ತೇನೆ. ಅದೂ ಸರಿ ಇದೆಯೋ ಇಲ್ಲವೋ, ತಾಳೆ ನೋಡಲು ಯಾರೂ ಇಲ್ಲ.

ಮಿಶ್ರಿಕೋಟಿಯಲ್ಲಿ ಆ ದಿನ ಬಟ್ಟಲನ್ನು ಅತ್ಯಾಳ ಮುಂದಿಟ್ಟೆ. ಚೆಲ್ಲಿ ಬಾ ಅಂದದ್ದನ್ನು ಅವಳು ಚೆಲ್ಲಿರಲಿಲ್ಲ. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿಟ್ಟು ತಂದಿದ್ದಳು. ಅವಳು ನನ್ನ ಸ್ವೆಟರಿಗೆ ಗುಂಡಿ ಹಚ್ಚುತ್ತಿದ್ದಳು. ಎಂಬತ್ತರ ಹತ್ತಿರದ ಕೈ, ಹೊಲಿಗೆ ಇನ್ನೂ ನೇರ. ದಾರವನ್ನು ಹಲ್ಲಿನಿಂದ ಕಡಿದು, ಗುಂಡಿ ಎಳೆದು ನೋಡಿ, ಸ್ವೆಟರನ್ನು ನನ್ನ ತೊಡೆಯ ಮೇಲಿಟ್ಟಳು. ಉಳಿದ ಗುಂಡಿಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕತೊಡಗಿದಳು. ಆ ಸಪ್ಪಳದ ನಡುವೆಯೇ ಕೇಳಿದೆ:

"ಅತ್ಯಾ, ಅವತ್ತು ಅದನ್ನ ಬಿಸಲಿಗೆ ಇಟ್ಟಾಕಿ ನಾನೋ, ನೀನೋ?"