ತೇಲಣ್ಣ ವಿಮೆ ಮಾಡಿಸಿದ್ದು

ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ತೇಲಣ್ಣ. ಎತ್ತರದ ಕಟ್ಟಡಗಳ ಹೊರಗೆ ಹಗ್ಗದಲ್ಲಿ ನೇತಾಡುತ್ತ ಗಾಜು ಒರೆಸುವುದು ಅವನ ಕೆಲಸ. ಬೇರೆಯವರು ಬೇಗ ಮುಗಿಸಿ ನೆಲ ಮುಟ್ಟಿದರೆ ಸಾಕು ಎಂದು ಸರಸರ ಇಳಿದರೆ, ಇವನು ಮರದಿಂದ ಉದುರಿದ ಎಲೆ ಎಲ್ಲಿ ಕೂರಲಿ ಎಂದು ಯೋಚಿಸುತ್ತ ಬರುವ ಹಾಗೆ ಬರುತ್ತಿದ್ದ. ಅದನ್ನು ನೋಡಿ ಜೊತೆಯವರು ಇಟ್ಟ ಹೆಸರೇ ಅಂಟಿಕೊಂಡಿತು.

ಸೊಂಟಕ್ಕೆ ಬೆಲ್ಟು, ಕೂರಲು ಒಂದು ಹಲಗೆ, ಪಕ್ಕದಲ್ಲಿ ನೇತಾಡುವ ಬಕೆಟ್ಟು. ಗಾಜಿಗೆ ಸೋಪಿನ ನೊರೆ ಬಳಿದಾಗ ಒಳಗಿನ ಕೋಣೆ ಮಾಯವಾಗುತ್ತಿತ್ತು. ರಬ್ಬರ್ ಪಟ್ಟಿ ಎಳೆದಾಗ ತೊಳೆದಿಟ್ಟ ಹಾಗೆ ಮತ್ತೆ ಎದುರಾಗುತ್ತಿತ್ತು. ಮೀಟಿಂಗ್ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದ ದೊಡ್ಡ ಸಾಹೇಬ, ಪ್ಲಾಸ್ಟಿಕ್ ಗಿಡಕ್ಕೆ ಭಕ್ತಿಯಿಂದ ನೀರು ಹಾಕುವ ಹುಡುಗಿ, ಯಾರೂ ಇಲ್ಲದ ಕೋಣೆಯಲ್ಲಿ ತನ್ನಷ್ಟಕ್ಕೆ ತಿರುಗುವ ಕುರ್ಚಿ. ಮಾತಿಲ್ಲ, ಸದ್ದಿಲ್ಲ. ಅವನ್ನೆಲ್ಲ ಮನೆಗೆ ಹೊತ್ತು ತಂದು ಪುಟ್ಟ ಮಗಳಿಗೆ ಕಥೆ ಮಾಡಿ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಎಲ್ಲಿಂದಲೋ ಗಾಳಿ ಎದ್ದಿತು. ತೇಲಣ್ಣನ ಹಲಗೆ ಗೋಡೆಯಿಂದ ದೂರ ಹೋಯಿತು. ಕಾಲ ಕೆಳಗೆ ರಸ್ತೆ ನಿಧಾನವಾಗಿ ಓರೆಯಾಯಿತು. ಆಶ್ಚರ್ಯವೆಂದರೆ ಅವನಿಗೆ ಭಯವಾಗಲಿಲ್ಲ. ಊಟವಾದ ಮೇಲೆ ಬರುವಂಥ ಹಿತವಾದ ಮಂಪರು ಕವಿಯಿತು. ಹೀಗೇ ಹೋಗಿಬಿಡಬಹುದಲ್ಲ ಎನ್ನಿಸಿತು. ಆಗಲೇ ಮಗಳ ಬೂಟಿನ ಲೇಸು ನೆನಪಾಯಿತು. ಬಿಚ್ಚಿಹೋಗದ ಗಂಟು ಹಾಕುವುದು ಮನೆಯಲ್ಲಿ ಅವನಿಗೆ ಮಾತ್ರ ಗೊತ್ತು.

ಹಗ್ಗ ಅವನನ್ನು ವಾಪಸು ತಂದು ಗಾಜಿಗೆ ಒಗೆಯಿತು. ಭುಜ ಬಡಿಯಿತು. ಒಳಗೆ ಒಬ್ಬ ಹೆಂಗಸು ಚಹಾ ಕಪ್ಪು ಹಿಡಿದು ನಿಂತಿದ್ದಳು. ಅವಳು ಕಪ್ಪು ಕೆಳಗಿಟ್ಟು, ತಡೆದು ಹಿಡಿಯುವವಳಂತೆ ಅಂಗೈಯನ್ನು ಗಾಜಿಗೆ ಒತ್ತಿದಳು. ಅವನೂ ಹೊರಗಿನಿಂದ ಅಲ್ಲೇ ಕೈಯಿಟ್ಟ. ಗಾಳಿ ಬಿಡುವವರೆಗೂ ಇಬ್ಬರೂ ಹಾಗೇ ಇದ್ದರು.

ಮಾರನೆಯ ದಿನ ಭುಜ ನೋವೆಂದು ರಜೆ ಹಾಕಿದವನು, ಆಕೆಗೊಂದು ಮಾತು ಹೇಳಿಬರೋಣವೆಂದು ಅದೇ ಕಟ್ಟಡಕ್ಕೆ ಹೋದ. ಇಷ್ಟು ವರ್ಷದಲ್ಲಿ ಬಾಗಿಲಿನಿಂದ ಒಳಗೆ ಹೋಗಿದ್ದು ಅದೇ ಮೊದಲು. ಆಕೆಯ ಮೇಜಿನ ಮೇಲೆ "ಜೀವ ವಿಮೆ ಸಲಹೆಗಾರ್ತಿ" ಎಂಬ ಫಲಕವಿತ್ತು.

"ಅಯ್ಯೋ, ನೀವಾ! ಮೊದ್ಲು ಕೂತ್ಕೊಳ್ಳಿ. ನಿಮ್ಮಿಂದ ರಾತ್ರಿ ನಿದ್ದೆ ಬಂದಿಲ್ಲ ನಂಗೆ."

ಅವನು ಕೂತ. ಫಲಕವನ್ನೇ ನೋಡಿದ. "ನನ್ನಂಥೋರಿಗೂ ಇದನ್ನ ಮಾಡ್ತಾರಾ ಮೇಡಂ?"

ಆಕೆ ಅವಸರ ಮಾಡದೆ ಬಿಡಿಸಿ ಹೇಳಿದಳು. ಟರ್ಮ್ ವಿಮೆಯೆಂದರೆ ಇಷ್ಟು ವರ್ಷ ಎಂದು ಅವಧಿ ಗೊತ್ತುಮಾಡಿಕೊಳ್ಳುವುದು. ವರ್ಷ ವರ್ಷ ಕಂತು ಕಟ್ಟುವುದು. ಆ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ದೊಡ್ಡ ಮೊತ್ತ ಸಿಗುತ್ತದೆ. ಅವಧಿ ದಾಟಿ ಬದುಕಿದ್ದರೆ ಏನೂ ಬರುವುದಿಲ್ಲ. ಉಳಿತಾಯವೂ ಸೇರಿದ ಬೇರೆ ಬಗೆಯ ಪಾಲಿಸಿಗಳಿವೆ, ಆದರೆ ಅಷ್ಟೇ ಕಂತಿಗೆ ಅಲ್ಲಿ ಮನೆಯವರಿಗೆ ಸಿಗುವ ಮೊತ್ತ ಬಹಳ ಕಡಿಮೆ.

"ಅಂದ್ರೆ ಬದುಕಿದ್ರೆ ನಷ್ಟ?"

"ಬದುಕಿರೋದನ್ನ ನಷ್ಟದ ಲೆಕ್ಕಕ್ಕೆ ಬರೆಯೋರನ್ನ ಇವತ್ತೇ ನೋಡ್ತಿರೋದು," ಎಂದು ಆಕೆ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ಎಷ್ಟು ಮೊತ್ತ, ಎಷ್ಟು ವರ್ಷ ಅಂತ ನಾನು ಹೇಳೋಕಾಗಲ್ಲ. ನೀವಿಲ್ಲದ ಮನೇನ ಒಂದ್ಸಲ ಯೋಚಿಸಿ ನೋಡಿ. ಅಲ್ಲಿ ಏನೇನು ಬೇಕಾಗತ್ತೆ?"

ತೇಲಣ್ಣ ಕಣ್ಣು ಮುಚ್ಚಿದ. ತನ್ನ ಮನೆಗೇ ಹೊರಗಿನಿಂದ ಹಗ್ಗ ಇಳಿಸಿಕೊಂಡು ಬಂದ ಹಾಗಾಯಿತು. ನೊರೆ ಸರಿಯಿತು. ಒಳಗೆ ದೀಪ ಹತ್ತಿತ್ತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ತುಳಿಯುವ ಸದ್ದು ಮಾತ್ರ ಕೇಳುತ್ತಿರಲಿಲ್ಲ. ಮಗಳು ನೋಡನೋಡುತ್ತ ಉದ್ದವಾದಳು, ಜಡೆ ಕತ್ತರಿಸಿಕೊಂಡಳು, ದಪ್ಪ ಪುಸ್ತಕದ ಮೇಲೆ ಬಾಗಿದಳು. ಗೂಟದಲ್ಲಿ ಅವನ ಅಂಗಿ ಇರಲಿಲ್ಲ. ಬಾಡಿಗೆ, ಓದು, ಅವನ ಅಮ್ಮನ ಔಷಧಿ, ಎಲ್ಲವೂ ಅಲ್ಲಿತ್ತು. ಮಗಳು ತನ್ನ ಕಾಲ ಮೇಲೆ ನಿಲ್ಲುವವರೆಗೆ ಎಷ್ಟು ವರ್ಷವೆಂದು ಅವನು ಗಾಜಿನಾಚೆಯಿಂದಲೇ ಎಣಿಸಿಕೊಂಡ. ಕಣ್ಣು ಬಿಟ್ಟಾಗ ಸಲಹೆಗಾರ್ತಿ ಬೇರೆ ಕಡೆ ನೋಡುತ್ತಿದ್ದಳು.

ಮನೆಯಲ್ಲಿ ಮಾತೆತ್ತಿದ್ದೇ ತಡ, ಹೆಂಡತಿ ಎದ್ದುನಿಂತಳು. "ಬಿಡ್ತು ಅನ್ನಿ! ನೀವಿಲ್ದಿರೋ ದುಡ್ಡು ಯಾವ ಕರ್ಮಕ್ಕೆ?" ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ತಾನೂ ಬರುತ್ತೇನೆಂದಳು, ಏನು ಬರೆಸುತ್ತಾರೋ ನೋಡಬೇಕಲ್ಲ ಎಂದು. ವಿಷಯ ಕಿವಿಗೆ ಬಿದ್ದ ಅವಳ ತಮ್ಮ ಬಿಟ್ಟಿ ಸಲಹೆ ಕೊಟ್ಟ. "ಭಾವ, ಕ್ಲೀನಿಂಗ್ ಕೆಲಸ ಅಂತ ಮಾತ್ರ ಹೇಳಿ. ಹಗ್ಗದ ಸುದ್ದಿ ಎತ್ತಿದ್ರೆ ಕಂತು ಜಾಸ್ತಿ ಹಾಕ್ತಾರೆ."

ಗುರುತಿನ ಚೀಟಿ, ಸಂಬಳದ ದಾಖಲೆ, ಫೋಟೊ ಹಿಡಿದು ಇಬ್ಬರೂ ಹೋದರು. ಸಲಹೆಗಾರ್ತಿ ಅರ್ಜಿ ತೆರೆದು ಉದ್ಯೋಗ ಏನೆಂದು ಕೇಳಿದಾಗ ಅವನು ತಡವರಿಸಿದ.

"ಕ್ಲೀನಿಂಗ್... ಅಷ್ಟೇ ಸಾಕಲ್ವಾ ಮೇಡಂ?"

ಆಕೆ ಪೆನ್ನು ಕೆಳಗಿಟ್ಟಳು. "ನೋಡಿ, ಈ ದುಡ್ಡು ಕೇಳೋಕೆ ಬರುವಾಗ ನೀವಿರಲ್ಲ. ಈ ಕುರ್ಚಿಯಲ್ಲಿ ಇವ್ರು ಕೂತಿರ್ತಾರೆ. ಏನಾದ್ರೂ ಮುಚ್ಚಿಟ್ಟಿದ್ದು ಗೊತ್ತಾದ್ರೆ ಕಂಪನಿ ಕೊಡಲ್ಲ ಅನ್ನಬಹುದು. ನಿಮ್ಮ ಸುಳ್ಳಿಗೆ ಉತ್ತರ ಕೊಡಬೇಕಾಗಿರೋದು ಇವ್ರು."

ಹೆಂಡತಿ ಕುರ್ಚಿ ಮುಂದೆಳೆದಳು. "ಬರ್ಕೊಳ್ಳಿ ಮೇಡಂ. ಹಗ್ಗ ಕಟ್ಕೊಂಡು ಆಕಾಶದಲ್ಲಿ ನೇತಾಡ್ತಾರೆ ಅಂತ್ಲೇ ಬರ್ಕೊಳ್ಳಿ."

"ಸಿಗರೇಟು?"

ತೇಲಣ್ಣ ಛಾವಣಿ ನೋಡಿದ. "ಯಾವಾಗ್ಲೋ ಒಂದು."

"ದಿನಕ್ಕೆ ಮೂರು," ಎಂದಳು ಹೆಂಡತಿ. "ಅಂಗಿ ಒಗೆಯೋಳು ನಾನು."

ಅವನ ಅಪ್ಪ ಹೃದಯ ನಿಂತು ತೀರಿಕೊಂಡಿದ್ದು, ಅವನಿಗೆ ಹಿಂದೆ ಆಗಿದ್ದ ಆಪರೇಷನ್ನು, ಎಲ್ಲವನ್ನೂ ಹೇಳಿದರು. ನಾಮಿನಿ ಜಾಗದಲ್ಲಿ ಹೆಂಡತಿಯ ಹೆಸರು, ಗುರುತಿನ ಚೀಟಿಯಲ್ಲಿದ್ದ ಹಾಗೇ, ಒಂದು ಅಕ್ಷರ ಆಚೀಚೆಯಾಗದಂತೆ ಬರೆಸಿದರು.

ವೈದ್ಯಕೀಯ ಪರೀಕ್ಷೆಗೆ ಕಂಪನಿಯೇ ಕಳಿಸಿತು. ರಕ್ತ ಕೊಟ್ಟ, ತೂಕ ನೋಡಿಸಿದ. ಇಸಿಜಿಗೆಂದು ಮಲಗಿಸಿ ಎದೆಗೆ ತಣ್ಣಗಿನ ಬಿಲ್ಲೆಗಳನ್ನು ಅಂಟಿಸಿದಾಗ, ಬೆನ್ನ ಕೆಳಗೆ ಅಲುಗಾಡದ ಹಾಸಿಗೆ ಸಿಕ್ಕಿದ ಸುಖಕ್ಕೆ ನಿದ್ದೆಯೇ ಹತ್ತಿತು. ಮೋಡದ ಮೇಲೆ ಯಾರೋ ಅವನ ಹೃದಯವನ್ನು ಒರೆಸಿ ಒರೆಸಿ ಹೊಳಪು ಮಾಡುತ್ತಿದ್ದರು. "ಆಯ್ತು, ಏಳಪ್ಪಾ," ಎಂದು ನರ್ಸಮ್ಮ ಭುಜ ತಟ್ಟಿದಳು. "ಇಲ್ಲಿ ಗೊರಕೆ ಹೊಡೆದೋನು ನೀನೊಬ್ನೇ."

ಮೊದಲ ಕಂಪನಿ ಅರ್ಜಿ ವಾಪಸು ಕಳಿಸಿಬಿಟ್ಟಿತು, ಎತ್ತರದ ಕೆಲಸ ತಮಗೆ ಬೇಡವೆಂದು. ಭಾವಮೈದ "ನಾನು ಹೇಳ್ಲಿಲ್ವಾ?" ಎಂಬ ಮುಖ ಹೊತ್ತು ತಿರುಗಿದ. ಸಲಹೆಗಾರ್ತಿ ಸುಮ್ಮನಾಗಲಿಲ್ಲ, ಇನ್ನೊಂದು ಕಂಪನಿಗೆ ಅರ್ಜಿ ಹಾಕಿಸಿದಳು. ಮೊದಲನೆಯವರು ಬೇಡವೆಂದದ್ದನ್ನೂ ಅದರಲ್ಲಿ ಬರೆಸಿದಳು. ಅವರು ಕಂತು ಹೆಚ್ಚಿಸಿ ಒಪ್ಪಿಕೊಂಡರು. ಮೊತ್ತವನ್ನು ಸ್ವಲ್ಪ ಇಳಿಸಿದ ಮೇಲೆ ಕಂತು ಕೈಗೆಟುಕಿತು. ಪಾಲಿಸಿ ಬಂದಾಗ ಗಂಡ ಹೆಂಡತಿ ಒಂದು ಭಾನುವಾರವಿಡೀ ಕೂತು ಓದಿದರು. ಹಿಡಿಸದಿದ್ದರೆ ಹಿಂದಿರುಗಿಸಲು ಕಂಪನಿ ಕೆಲವು ದಿನ ಕೊಟ್ಟಿತ್ತು. ಹಿಂದಿರುಗಿಸುವಂಥದ್ದು ಏನೂ ಸಿಗಲಿಲ್ಲ. ಯಾರಿಗೆ ಫೋನ್ ಮಾಡಬೇಕು, ಮರಣ ಪ್ರಮಾಣಪತ್ರ ಎಲ್ಲಿಂದ ತರಬೇಕು ಎಂದು ಹೆಂಡತಿ ಸಲಹೆಗಾರ್ತಿಗೆ ಫೋನ್ ಮಾಡಿ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಕೇಳಿ ಮುಗಿಸಿ ಒಳಗೆ ಹೋಗಿ ಅತ್ತಳು. ಅತ್ತು ಬಂದು ಚಹಾ ಮಾಡಿದಳು.

ಆಮೇಲೆ ವರ್ಷಗಳು ಗಾಜಿನ ಮೇಲಿನ ನೀರಿನ ಹಾಗೆ ಇಳಿದುಹೋದವು. ಕಂತಿಗೆ ಬ್ಯಾಂಕಿನಲ್ಲಿ ಹಣ ತಪ್ಪದಂತೆ ಅವಳು ನೋಡಿಕೊಂಡಳು. ಸಿಗರೇಟು ಬಿಡಿಸಿದಳು. ತೇಲಣ್ಣ ಬಹಳ ಕಾಲ ಹಗ್ಗದಲ್ಲೇ ಇದ್ದ. ಮಂಡಿ ಹಿಡಿದುಕೊಂಡ ಮೇಲೆ ಕಟ್ಟಡದ ತಾರಸಿಯಲ್ಲಿ ನಿಂತು ಬೇರೆಯವರ ಗಂಟುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಬಂದ. ಮಗಳು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ, ಮನೆಯವರ ಬಾಯನ್ನೆಲ್ಲ ತೆರೆಸಿ ನೋಡತೊಡಗಿದಳು.

ಅವಧಿ ಮುಗಿದ ದಿನ ಏನೂ ಆಗಲಿಲ್ಲ. ಬಿಸಿಲು ತೆಳ್ಳಗಿತ್ತು. ಗಂಡ ಹೆಂಡತಿ ಕೆರೆಗೆ ಹೋಗಿ, ತುಳಿದು ನಡೆಸುವ ಪುಟ್ಟ ದೋಣಿಯೊಂದನ್ನು ಬಾಡಿಗೆಗೆ ಹಿಡಿದರು. ನಡುಕೆರೆಗೆ ಬಂದಾಗ ಅವನು ಅಭ್ಯಾಸಬಲದಿಂದ ಅಂಚಿಗೆ ಬಗ್ಗಿ ನೀರಿನೊಳಗೆ ಇಣುಕಿದ.

"ರೀ, ನೆಟ್ಟಗೆ ಕೂತ್ಕೊಳ್ಳಿ," ಎಂದು ಅವಳು ಅವನ ಅಂಗಿ ಜಗ್ಗಿದಳು. "ಇವತ್ತು ಬಿದ್ರೆ ನಂಗೆ ನಯಾಪೈಸೆ ಸಿಗಲ್ಲ."

ಇಬ್ಬರೂ ದೋಣಿ ಅಲುಗುವಷ್ಟು ನಕ್ಕರು. ಆಮೇಲೆ ತುಳಿಯುವುದನ್ನೂ ನಿಲ್ಲಿಸಿದರು. ದೋಣಿ ತನಗೆ ತೋಚಿದ ಕಡೆ ಹೋಗುತ್ತಿತ್ತು.