ಕುದಿಯದ ಹೊಟ್ಟು

ಕಾಫಿ ಹೊಟ್ಟನ್ನು ಒಂದು ಗಂಟೆ ಕುದಿಸು ಎಂದು ತಂಗಿ ಹೇಳಿದ್ದಳು. ನಾನು ಕುದಿಸಲಿಲ್ಲ, ಕುದಿಸಿದೆ ಎಂದು ಹೇಳಿದೆ. ಆ ಸುಳ್ಳನ್ನು ನನಗಿಂತ ಹೆಚ್ಚಾಗಿ ಹದಿನೈದು ವರ್ಷ ಹೊತ್ತವಳು ಅವಳು.

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ದೇವನೂರಿನಿಂದ ದಿನಾ ನಂಜನಗೂಡಿಗೆ ಹೋಗಿ ಕಾಫಿ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುತ್ತಿದ್ದೆ. ಬೀಜ ಬಿಡಿಸಿದ ಮೇಲೆ ಉಳಿಯುವ ಹೊಟ್ಟು ಅಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ದನವೂ ಅದನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಹತ್ತನೇ ಕ್ಲಾಸು ಓದಿದ್ದ ತಂಗಿ ಒಂದು ವಾರದ ತರಬೇತಿ ಮುಗಿಸಿ ಬಂದು, ಅದರಲ್ಲಿ ಅಣಬೆ ಬೆಳೀತೀನಿ ಎಂದಾಗ ನಕ್ಕುಬಿಟ್ಟೆ. ನಮಗೆ ಗೊತ್ತಿದ್ದ ಅಣಬೆ ಗುಡುಗಿಗೆ ಹುತ್ತದ ಮೇಲೆ ತಾನಾಗಿ ಏಳುವಂಥದ್ದು. ನಾಗಪ್ಪನ ಜಾಗದ್ದು ಎಂದು ಅವ್ವ ಕೀಳುವ ಮೊದಲು ಕೈಮುಗಿಯುತ್ತಿದ್ದಳು.

ಮೊದಲ ಸಲ ತಂಗಿಯೇ ಎಲ್ಲ ಮಾಡಿದಳು. ಹೊಟ್ಟು ಕುದಿಸಿ, ನೀರು ಬಸಿದು, ಆರಿಸಿ, ಅಣಬೆ ಬೀಜ ಬೆರೆಸಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಹಿತ್ತಲ ಕೋಣೆಯಲ್ಲಿ ತೂಗುಹಾಕಿದಳು. ಕಂದು ಹೊಟ್ಟಿನೊಳಗೆ ದಿನದಿನಕ್ಕೂ ಬಿಳಿ ನೂಲು ಹರಡಿತು. ಮೂರನೇ ವಾರ ಚೀಲ ಸೀಳಿ ನೀರು ಚಿಮುಕಿಸಿದಳು. ಒಂದು ಬೆಳಿಗ್ಗೆ ಸೀಳಿದ ಕಡೆಯೆಲ್ಲ ಗುಂಡುಸೂಜಿಯ ತಲೆಯಷ್ಟು ಮೊಗ್ಗು. ಮಾರನೇ ದಿನ ಉಗುರಿನಷ್ಟು. ಅದರ ಮಾರನೇ ದಿನ ಕಪ್ಪೆಚಿಪ್ಪುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಗೊಂಚಲು ಗೊಂಚಲು. ನಾನು ಬೆನ್ನ ಮೇಲೆ ಹೊತ್ತು ಎಸೆಯುತ್ತಿದ್ದ ಕಸ! ಮುಟ್ಟಲು ಕೈ ಚಾಚಿದವನು ಮೊದಲು ಅಂಗಿಗೆ ಕೈ ಒರೆಸಿಕೊಂಡೆ.

ಎರಡನೇ ಸಲ ಅವಳು ಬೀಜ ತರಲು ಮೈಸೂರಿಗೆ ಹೋಗಿದ್ದರಿಂದ ಕುದಿಸುವ ಕೆಲಸ ನನ್ನ ಪಾಲಿಗೆ ಬಂತು. ಸೌದೆ ಹಸಿ, ಕಣ್ಣತುಂಬ ಹೊಗೆ. ಹೊಟ್ಟಿನೊಳಗಿನ ಕ್ರಿಮಿ ಸಾಯಬೇಕು ಎಂದಿದ್ದಳು ತಂಗಿ; ಕಣ್ಣಿಗೇ ಕಾಣದ್ದು ಸಾಯಲು ಒಂದು ಗಂಟೆ ಬೇಕೆ ಎನಿಸಿತು. ಮೊದಲ ಗುಳ್ಳೆ ಏಳುತ್ತಲೇ ಸೌದೆ ಎಳೆದುಬಿಟ್ಟೆ.

ಹತ್ತು ದಿನದಲ್ಲಿ ಚೀಲಗಳಿಗೆಲ್ಲ ಹಸಿರು ಬೂಷ್ಟು ಹಿಡಿಯಿತು.

“ಮುಟ್ಟಾಗಿ ಒಳೀಕ್ ಓಗಿದ್ಯಲ್ಲ, ಅದ್ಕೇಯ,” ಎಂದಳು ಅವ್ವ. “ನಾಗಪ್ಪನ್ ವಸ್ತು ಸುಮ್ಕೆ ಬುಟ್ಟದಾ?”

“ಅದಲ್ಲ ಕಣವ್ವ, ಕುದಿ ಸಾಲ್ದಿದ್ರೆ ಇಂಗಾಯ್ತದೆ,” ಎಂದ ತಂಗಿ ನನ್ನತ್ತ ತಿರುಗಿದಳು. “ಅಣ್ಣ, ಒಂದ್ ಗಂಟೆ ಕುದ್ದಿತ್ತು ತಾನೆ?”

“ಊಂ, ಕುದೀದೆ ಇನ್ನೇನು,” ಎಂದೆ.

ಅವಳು ಬೂಷ್ಟು ಹಿಡಿದ ಚೀಲಗಳನ್ನು ಒಂದೊಂದಾಗಿ ಇಳಿಸಿ ತಿಪ್ಪೆಗೆ ಸುರಿದಳು.

ಅಲ್ಲಿಂದ ತಿಂಗಳಿಗೆ ಮೂರು ದಿನ ಅವಳು ಬಾಗಿಲಾಚೆ ನಿಂತು ಹೇಳುವಳು, ನಾನು ಒಳಗೆ ನೀರು ಚಿಮುಕಿಸುವೆನು. ಹೆದರಿ ಹೊಟ್ಟನ್ನು ಗಂಟೆಗಿಂತಲೂ ಹೆಚ್ಚು ಕುದಿಸುತ್ತಿದ್ದೆ. ಬೂಷ್ಟು ಮತ್ತೆ ಬರಲಿಲ್ಲ. “ನಾ ಯೋಳ್ಲಿಲ್ವಾ?” ಎನ್ನುತ್ತಿದ್ದಳು ಅವ್ವ. ಕೊನೆಗೆ ತಂಗಿಯೂ ಅದನ್ನೇ ನಂಬಿದಳು.

ಸೋಸಲೆಗೆ ಮದುವೆಯಾಗಿ ಹೋದ ಮೇಲೂ ಅವಳು ಅಣಬೆ ಬಿಡಲಿಲ್ಲ. ಟಿ. ನರಸೀಪುರದ ಬಸ್ಸಿನ ಮೇಲೆ ಹಾಕಿಕೊಂಡು ಹೊಟ್ಟಿನ ಮೂಟೆ ನಾನೇ ತಲುಪಿಸುತ್ತಿದ್ದೆ. ಒಮ್ಮೆ ಹೋದಾಗ ಅವಳ ಹದಿಮೂರು ವರ್ಷದ ಮಗಳು ಅಣಬೆ ಕೋಣೆಯ ಹೊಸ್ತಿಲಾಚೆ ನಿಂತು ಕತ್ತು ಉದ್ದ ಮಾಡುತ್ತಿದ್ದಳು.

“ಮಾವ, ಗೊಂಚ್ಲು ಏಟ್ ದಪ್ಪ ಆಗದೆ ನೋಡ್ಕಬಂದು ಯೋಳಿ. ಮೂರ್ ದಿಸ ನಾನು ಒಳೀಕ್ ಓಗಂಗಿಲ್ವಂತೆ.”

ಒಳಗೆ ಹೋದೆ. ಚೀಲಗಳ ಮೈತುಂಬ ಅಂದಿನಂತೆಯೇ ಬೆಳ್ಳಗೆ ಅರಳಿದ್ದವು. ಈ ಸಲ ಮುಟ್ಟುವ ಧೈರ್ಯ ಬರಲಿಲ್ಲ. ಆಚೆ ಬಂದು ತಂಗಿಯನ್ನು ಕರೆದು, ಮಗಳ ಎದುರಿಗೇ ಹೇಳಿದೆ:

“ಅವತ್ತು ನಾನು ಕುದಿಸ್ಲೇ ಇಲ್ಲ ಕಣವ್ವ. ಗುಳ್ಳೆ ಎದ್ದೇಟ್ಗೆ ಸೌದೆ ಎಳ್ದುಬುಟ್ಟೆ. ನೀನು ಒಳೀಕ್ ಓಗಿದ್ರಿಂದ ಏನೂ ಆಗಿರ್ಲಿಲ್ಲ. ತಪ್ಪು ನಂದು. ನನ್ನ ಕ್ಷಮಿಸ್ಬುಡು.”